ಕೊಟ್ಟವರ ಶಾಸನ, ಪಡೆದವರ ಕಡತ: ಸಮಾಜಕಾರ್ಯವೆಂಬ ವೃತ್ತಿಯ ಚರಿತ್ರೆ

ಕನ್ನಡದಲ್ಲಿ ‘ಸಮಾಜಸೇವೆ’, ‘ಸಮಾಜಕಾರ್ಯ’ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಜನಸಾಮಾನ್ಯರ ಮಾತಿನಲ್ಲಿ ಎರಡಕ್ಕೂ ಅರ್ಥವೊಂದೇ. ನೆರೆ ಬಂದಾಗ ಅನ್ನದ ಪೊಟ್ಟಣ ಹಂಚುವವರನ್ನೂ ಊರ ಶಾಲೆಗೆ ಕೊಠಡಿ ಕಟ್ಟಿಸಿಕೊಡುವವರನ್ನೂ ಸಮಾಜಸೇವಕರೆಂದು ಗೌರವಿಸುತ್ತೇವೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಎಂ.ಎಸ್.ಡಬ್ಲ್ಯು. ಓದಿ ಆಸ್ಪತ್ರೆಯಲ್ಲೋ ಮಕ್ಕಳ ರಕ್ಷಣಾ ಘಟಕದಲ್ಲೋ ಕಾರ್ಖಾನೆಯಲ್ಲೋ ಸಂಬಳಕ್ಕೆ ದುಡಿಯುವವರನ್ನೂ ಅದೇ ಹೆಸರಿನಿಂದ ಕರೆದುಬಿಡುತ್ತೇವೆ. ವಿದ್ವತ್ ವಲಯದಲ್ಲಿ ಮಾತ್ರ ಮೊದಲನೆಯದನ್ನು ಸ್ವಯಂಪ್ರೇರಿತ ಸೇವೆಗೂ ಎರಡನೆಯದನ್ನು ತರಬೇತಿ ಪಡೆದವರ ವೃತ್ತಿಗೂ ಮೀಸಲಿಡುವ ಪರಿಪಾಠವಿದೆ.

ಇವೆರಡರ ನಡುವಣ ಅಂತರವನ್ನು ಸಂಬಳದಿಂದಲೋ ಪದವಿಯಿಂದಲೋ ಅಳೆಯುವುದು ರೂಢಿ. ಚರಿತ್ರೆಯ ವಿದ್ಯಾರ್ಥಿಗೆ ಇನ್ನೊಂದು ಅಳತೆಗೋಲು ಲಭ್ಯವಿದೆ. ಅದು ಅವು ಉಳಿಸಿಹೋಗುವ ಬರಹ. ದಾನದ ಪರಂಪರೆ ನಮಗೆ ಶಾಸನಗಳನ್ನು ಉಳಿಸಿದೆ. ಸಮಾಜಕಾರ್ಯ ಕಡತಗಳನ್ನು ಉಳಿಸುತ್ತಿದೆ. ಈ ಎರಡು ಬಗೆಯ ಬರಹಗಳಲ್ಲಿ ಹೆಸರು ಯಾರದು, ಕಥೆ ಯಾರದು, ಮಾತು ಯಾರದು ಎಂದು ಕೇಳಿಕೊಂಡರೆ ಈ ವೃತ್ತಿಯ ಸ್ವರೂಪ ಸ್ಪಷ್ಟವಾಗುತ್ತದೆ. ಅದಕ್ಕಿರುವ ಅಪಾಯವೂ ಅಲ್ಲಿಯೇ ಗೋಚರಿಸುತ್ತದೆ. ಪ್ರಸ್ತುತ ಲೇಖನ ಆ ಪ್ರಶ್ನೆಯ ಜಾಡನ್ನು ಹಿಡಿದು ಸಾಗುವ ಒಂದು ಪ್ರಯತ್ನ.

ಶಾಸನದಲ್ಲಿ ಪಡೆದವರು

ನಮ್ಮ ದಾನಶಾಸನಗಳ ರಚನಾಕ್ರಮ ಶಾಸನಾಭ್ಯಾಸಿಗಳಿಗೆ ಪರಿಚಿತವಾದುದು. ಮಂಗಳಶ್ಲೋಕ, ಆಳುವ ಅರಸನ ಬಿರುದಾವಳಿ, ದಾನಿಯ ವಂಶ ಮತ್ತು ಗುಣವರ್ಣನೆ, ಸಂಕ್ರಾಂತಿಯೋ ಗ್ರಹಣವೋ ಆದ ಪುಣ್ಯಕಾಲದ ಉಲ್ಲೇಖ, ಧಾರಾಪೂರ್ವಕವಾಗಿ ಬಿಟ್ಟ ಭೂಮಿಯ ಎಲ್ಲೆಗಳು, ಕೊನೆಗೆ ದತ್ತಿಯನ್ನು ಕೆಡಿಸಿದವರಿಗೆ ಶಾಪ. ಇಷ್ಟು ಅಂಗಗಳಿರುವ ಈ ಬರಹದಲ್ಲಿ ದಾನದ ಫಲವನ್ನು ಉಂಡವರಿಗೆ ಸಿಗುವ ಜಾಗ ಬಹಳ ಕಿರಿದು.

ಬಳ್ಳಿಗಾವೆಯ ಕೋಡಿಮಠದ 1162ರ ಶಾಸನವನ್ನು ನೋಡಬಹುದು. ಕಾಳಾಮುಖ ಆಚಾರ್ಯರ ಈ ಮಠದ ವರ್ಣನೆ ಕನ್ನಡ ನಾಡಿನ ವಿದ್ಯಾಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನಾಲ್ಕು ವೇದಗಳು, ಷಡ್ದರ್ಶನಗಳು, ಪಾಣಿನೀಯದೊಡನೆ ಜೈನ ವೈಯಾಕರಣ ಶಾಕಟಾಯನನ ವ್ಯಾಕರಣವೂ ಅಲ್ಲಿ ಅಧ್ಯಯನಕ್ಕೆ ಒದಗುತ್ತಿದ್ದವು. ಅದೇ ವರ್ಣನೆಯ ಮುಂದಿನ ಭಾಗ ನಮ್ಮ ವಿಷಯಕ್ಕೆ ಮುಖ್ಯವಾದುದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮುಂತಾದವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತು. ಸಕಲ ಜೀವಿಗಳಿಗೂ ಅದು ಅಭಯದ ತಾಣವಾಗಿತ್ತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂದು ಶ್ರಾವಕಾಚಾರ ಗ್ರಂಥಗಳು ಎಣಿಸುವ ನಾಲ್ಕು ದಾನಗಳೂ ಒಂದು ಕಾಳಾಮುಖ ಮಠದ ವರ್ಣನೆಯಲ್ಲಿ ಒಟ್ಟಾಗಿ ದೊರೆಯುವುದು ಗಮನಾರ್ಹ. ಈ ಕಾಳಜಿ ಒಂದು ಮತದ ಸೊತ್ತಾಗಿರದೆ ನಾಡಿನ ಸಾಮಾನ್ಯ ಸಂಸ್ಕಾರವಾಗಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಆದರೂ ಆ ಕುರುಡರಲ್ಲಿ ಒಬ್ಬನ ಹೆಸರೂ ನಮಗೆ ತಿಳಿಯದು. ಅನಾಥಳೊಬ್ಬಳು ಯಾವ ಊರಿನಿಂದ ಬಂದಳು, ಉಂಡು ಎತ್ತ ಹೋದಳು ಎಂಬುದನ್ನು ಕಲ್ಲು ಹೇಳುವುದಿಲ್ಲ. ಲಕ್ಕುಂಡಿಯ 1007ರ ಶಾಸನ ಅತ್ತಿಮಬ್ಬೆಯ ಗುಣಗಳನ್ನು ವಿಸ್ತಾರವಾಗಿ ಕೊಂಡಾಡುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಆ ದಾನಚಿಂತಾಮಣಿಯನ್ನು ಸಾಹಿತ್ಯ ಚರಿತ್ರೆ ಕೃತಜ್ಞತೆಯಿಂದ ನೆನೆಯುತ್ತದೆ. ಆ ಸಾವಿರ ಪ್ರತಿಗಳನ್ನು ಕುಳಿತು ಬರೆದ ಲಿಪಿಕಾರರು ಯಾರು, ಕೈಗೆತ್ತಿಕೊಂಡು ಓದಿದವರು ಯಾರು? ಅವರೆಲ್ಲರೂ ಒಂದು ಸಂಖ್ಯೆಯ ಹಿಂದೆ ಮರೆಯಾಗಿದ್ದಾರೆ.

ಇದನ್ನು ಶಾಸನಕಾರರ ದೋಷವೆಂದು ಎಣಿಸಬೇಕಾಗಿಲ್ಲ. ದತ್ತಿಯನ್ನು ಕಾಪಾಡುವುದು ಶಾಸನದ ಉದ್ದೇಶ. ಭೂಮಿ ಯಾರದಾಗಿತ್ತು, ಯಾರು ಬಿಟ್ಟರು, ಎಲ್ಲಿಯವರೆಗೆ ಬಿಟ್ಟರು ಎಂಬುದು ಸ್ಪಷ್ಟವಿದ್ದರೆ ಮಾತ್ರ ಮುಂದಿನ ತಲೆಮಾರಿಗೂ ಅನ್ನ ನಡೆಯುತ್ತದೆ. ಹಾಗಾಗಿ ಕೊಟ್ಟವರು ವ್ಯಕ್ತಿಗಳಾಗಿ ಉಳಿದರು, ಪಡೆದವರು ವರ್ಗಗಳಾಗಿ ಉಳಿದರು. ಈ ಅಸಮತೋಲನವನ್ನು ಗುರುತಿಸಿಕೊಂಡರೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಮೊದಲಾದ ಬದಲಾವಣೆಯ ಮಹತ್ತ್ವ ಅರಿವಾಗುತ್ತದೆ. ಅಲ್ಲಿ ಮೊದಲ ಬಾರಿಗೆ ಲೇಖನಿ ಪಡೆಯುವವನ ಕಡೆಗೆ ವ್ಯವಸ್ಥಿತವಾಗಿ ತಿರುಗಿತು. ಅದು ತಿರುಗಿದ್ದು ಕರುಣೆಯಿಂದಲ್ಲ, ಸಂಶಯದಿಂದ ಎಂಬುದು ಚರಿತ್ರೆಯ ವ್ಯಂಗ್ಯ.

ಲಂಡನ್ನಿನ ವಿಚಾರಣೆ

ಇಂಗ್ಲೆಂಡಿನಲ್ಲಿ ಬಡವರ ಪೋಷಣೆ 1601ರ ಕಾಯಿದೆಯ ಮೂಲಕ ಪ್ಯಾರಿಷ್‌ಗಳ ಹೊಣೆಯಾಗಿತ್ತು. 1834ರ ತಿದ್ದುಪಡಿ ಕಾಯಿದೆ ಈ ನೆರವನ್ನು ಬಿಗಿಗೊಳಿಸಿತು. ದುಡಿಯಬಲ್ಲ ಬಡವನಿಗೆ ನೆರವು ಬೇಕಿದ್ದರೆ ಅವನು ವರ್ಕ್‌ಹೌಸ್ ಎಂಬ ದುಡಿಮೆಮನೆಗೆ ಸೇರಬೇಕು ಎಂಬ ತತ್ತ್ವ ಅದರದು. ಆ ಮನೆಯ ಬದುಕು ಹೊರಗಿನ ಅತ್ಯಂತ ಬಡ ಕೂಲಿಯ ಬದುಕಿಗಿಂತ ಕೀಳಾಗಿರಬೇಕೆಂಬುದು ಉದ್ದೇಶಪೂರ್ವಕ ನಿಯಮವಾಗಿತ್ತು. ಇದರ ಪಕ್ಕದಲ್ಲೇ ಲಂಡನ್ ನಗರದಲ್ಲಿ ನೂರಾರು ಖಾಸಗಿ ಧರ್ಮಸಂಸ್ಥೆಗಳು ತಮತಮಗೆ ತೋಚಿದಂತೆ ಹಣ, ಬಟ್ಟೆ, ಸೂಪು ಹಂಚುತ್ತಿದ್ದವು.

ಈ ಗೊಂದಲವನ್ನು ಹತೋಟಿಗೆ ತರಲೆಂದು 1869ರಲ್ಲಿ ಲಂಡನ್ನಿನಲ್ಲಿ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಸ್ಥಾಪನೆಯಾಯಿತು. ಒಬ್ಬನೇ ಬಡವ ನಾಲ್ಕು ಸಂಸ್ಥೆಗಳಿಂದ ನೆರವು ಪಡೆಯುತ್ತಿದ್ದಾನೆಂಬ ಶಂಕೆ, ವಿವೇಚನೆಯಿಲ್ಲದ ದಾನ ಸೋಮಾರಿಗಳನ್ನು ಬೆಳೆಸುತ್ತದೆಂಬ ನಂಬಿಕೆ ಇದರ ಬೆನ್ನಿಗಿದ್ದವು. ಸೊಸೈಟಿಯ ಕಡೆಯಿಂದ ಭೇಟಿಗಾರರು ಅರ್ಜಿದಾರರ ಮನೆಗೆ ಹೋಗಿ ವಿಚಾರಿಸಿದರು. ಕುಟುಂಬದ ಸದಸ್ಯರೆಷ್ಟು, ಗಳಿಕೆಯೆಷ್ಟು, ಬಾಡಿಗೆಯೆಷ್ಟು, ಕುಡಿತವಿದೆಯೇ, ಹಿಂದಿನ ಯಜಮಾನ ಏನೆನ್ನುತ್ತಾನೆ ಎಂಬುದನ್ನು ಬರೆದುಕೊಂಡರು. ಅರ್ಜಿದಾರ ಅರ್ಹನೋ ಅನರ್ಹನೋ ಎಂಬ ತೀರ್ಮಾನ ಆ ಕಾಗದದ ಮೇಲೆ ನಿಂತಿತು. ಇಂದಿನ ಸಮಾಜಕಾರ್ಯದ ಪ್ರಕರಣ ದಾಖಲೆಯ ಪೂರ್ವಜ ಇದೇ ಕಾಗದ.

ಪಾತ್ರಾಪಾತ್ರ ವಿವೇಚನೆ ನಮ್ಮ ಪರಂಪರೆಗೆ ಹೊಸದೇನೂ ಆಗಿರಲಿಲ್ಲ. ಆದರೆ ಜಿನಸೇನಾಚಾರ್ಯರು ತಮ್ಮ ಮಹಾಪುರಾಣದಲ್ಲಿ ದತ್ತಿಯನ್ನು ವಿಂಗಡಿಸುವಾಗ ಪಾತ್ರದತ್ತಿಯನ್ನು ಬೇರೆಯಾಗಿಯೂ ದಯಾದತ್ತಿಯನ್ನು ಬೇರೆಯಾಗಿಯೂ ಇಟ್ಟಿದ್ದಾರೆ. ಮೊದಲನೆಯದರಲ್ಲಿ ಸ್ವೀಕರಿಸುವವರ ಗುಣ ಮುಖ್ಯ. ಎರಡನೆಯದರಲ್ಲಿ ಎದುರಿಗಿರುವವರ ಸಂಕಟವೇ ಸಾಕಾದ ಕಾರಣ. ಹಸಿದವನ ಮುಂದೆ ನಿಂತು ಅವನ ಶೀಲವನ್ನು ಅಳೆಯುವುದು ದಯೆಯ ಲಕ್ಷಣವಲ್ಲ ಎಂಬ ವಿವೇಕ ಈ ವಿಂಗಡಣೆಯಲ್ಲಿ ಅಡಗಿದೆ. ಲಂಡನ್ನಿನ ಸೊಸೈಟಿ ಬೆರೆಸಿದ್ದು ಈ ಎರಡನ್ನೇ. ದಯೆಯ ಕ್ಷೇತ್ರಕ್ಕೆ ಅದು ಪಾತ್ರಪರೀಕ್ಷೆಯನ್ನು ತಂದಿತು.

ಹೀಗಿದ್ದರೂ ವಿಚಾರಿಸಲೆಂದು ಹೋದವರು ವಿಚಾರಿಸುತ್ತಲೇ ಬದಲಾದರು. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಮೇರಿ ಸ್ಟುವರ್ಟ್ ಎಂಬ ಮಹಿಳೆ ನೇಮಕಗೊಂಡರು. ‘ಆಲ್ಮನರ್’ ಎಂಬುದು ಅವರ ಹುದ್ದೆಯ ಹೆಸರು. ಧರ್ಮದ ಹಣ ಹಂಚುವವರು ಎಂಬುದು ಅದರ ಹಳೆಯ ಅರ್ಥ. ಅವರು ಅದಕ್ಕೆ ಮುನ್ನ ಚಾರಿಟಿ ಆರ್ಗನೈಸೇಷನ್ ಸೊಸೈಟಿಯಲ್ಲಿ ದುಡಿದವರು. ಹಣ ಕೊಡಬಲ್ಲವರು ಉಚಿತ ಚಿಕಿತ್ಸೆಯನ್ನು ದುರುಪಯೋಗ ಮಾಡಿಕೊಳ್ಳದಂತೆ ತಡೆಯುವುದು ಅವರಿಗೆ ಒಪ್ಪಿಸಲಾದ ಮುಖ್ಯ ಕೆಲಸ. ಅಂದರೆ ಅವರು ಬಾಗಿಲು ಕಾಯುವವರಾಗಿದ್ದರು. ಆದರೆ ರೋಗಿಗಳ ಸ್ಥಿತಿಗತಿಯನ್ನು ಕೇಳುತ್ತ ಹೋದಂತೆ ಆ ಹುದ್ದೆಯ ತಿರುಳೇ ಬದಲಾಯಿತು. ಪೌಷ್ಟಿಕ ಆಹಾರ, ವಿಶ್ರಾಂತಿ ಎಂದು ವೈದ್ಯರು ಬರೆದುಕೊಟ್ಟ ಚೀಟಿ ಬಾಡಿಗೆ ತೆರಲಾಗದವರ ಮನೆಯಲ್ಲಿ ಬರಿಯ ಕಾಗದವಾಗಿ ಉಳಿಯುತ್ತಿತ್ತು. ಆ ಚೀಟಿಗೂ ಆ ಮನೆಗೂ ನಡುವೆ ಸೇತುವೆಯಾಗುವುದು ಮುಂದಿನ ಆಲ್ಮನರ್‌ಗಳ ಕೆಲಸವಾಯಿತು. ಹತ್ತು ವರ್ಷಗಳ ಬಳಿಕ, 1905ರಲ್ಲಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಇದೇ ಅರಿವಿನಿಂದ ಸಮಾಜಕಾರ್ಯ ವಿಭಾಗವನ್ನು ತೆರೆದರು. ಐಡಾ ಕ್ಯಾನನ್ ಅದನ್ನು ದಶಕಗಳ ಕಾಲ ಬೆಳೆಸಿದರು. ವೈದ್ಯಕೀಯ ಸಮಾಜಕಾರ್ಯ ಎಂಬ ಶಾಖೆಯ ಬೇರು ಇಲ್ಲಿದೆ.

ನೆರೆಮನೆ ಮತ್ತು ನಕ್ಷೆ

ಭೇಟಿ ಕೊಟ್ಟು ಹಿಂದಿರುಗುವ ಕ್ರಮಕ್ಕೆ ಪ್ರತಿಯಾಗಿ ಬಡವರ ನಡುವೆಯೇ ನೆಲೆಸುವ ಇನ್ನೊಂದು ಕ್ರಮ ಅದೇ ಕಾಲದಲ್ಲಿ ಹುಟ್ಟಿತು. 1884ರಲ್ಲಿ ಸ್ಯಾಮ್ಯುಯೆಲ್ ಮತ್ತು ಹೆನ್ರಿಯೆಟಾ ಬಾರ್ನೆಟ್ ದಂಪತಿಗಳು ಲಂಡನ್ನಿನ ಬಡ ಬಡಾವಣೆಯಾದ ವೈಟ್‌ಚಾಪೆಲ್‌ನಲ್ಲಿ ಟಾಯ್ನ್‌ಬಿ ಹಾಲ್ ಆರಂಭಿಸಿದರು. ಅದನ್ನು ಕಂಡುಹೋದ ಜೇನ್ ಆಡಮ್ಸ್ ತಮ್ಮ ಗೆಳತಿ ಎಲನ್ ಗೇಟ್ಸ್ ಸ್ಟಾರ್ ಅವರೊಡನೆ 1889ರಲ್ಲಿ ಶಿಕಾಗೊ ನಗರದ ಹಾಲ್ಸ್ಟೆಡ್ ಬೀದಿಯಲ್ಲಿ ಹಲ್ ಹೌಸ್ ತೆರೆದರು. ಸುತ್ತಲೂ ಇಟಲಿ, ಪೋಲೆಂಡ್, ರಷ್ಯಾ, ಬೊಹೀಮಿಯಾಗಳಿಂದ ವಲಸೆ ಬಂದ ಕಾರ್ಮಿಕ ಕುಟುಂಬಗಳಿದ್ದವು. ಶಿಶುವಿಹಾರ, ಓದುಮನೆ, ಸಂಜೆಯ ತರಗತಿಗಳೊಡನೆ ಆ ಮನೆ ಬೆಳೆಯಿತು.

1895ರಲ್ಲಿ ಪ್ರಕಟವಾದ ‘ಹಲ್ ಹೌಸ್ ಮ್ಯಾಪ್ಸ್ ಅಂಡ್ ಪೇಪರ್ಸ್’ ಎಂಬ ಸಂಪುಟ ನಮ್ಮ ದೃಷ್ಟಿಯಿಂದ ಅಮೂಲ್ಯವಾದುದು. ಬಡಾವಣೆಯ ಮನೆಮನೆಯನ್ನೂ ತಿರುಗಿ ಸಂಗ್ರಹಿಸಿದ ಮಾಹಿತಿಯಿಂದ ಅದರ ನಕ್ಷೆಗಳು ರೂಪುಗೊಂಡವು. ಒಂದು ನಕ್ಷೆ ನಿವಾಸಿಗಳ ಮೂಲದೇಶವನ್ನು, ಇನ್ನೊಂದು ಅವರ ವಾರದ ಗಳಿಕೆಯನ್ನು ಬಣ್ಣಗಳಲ್ಲಿ ತೋರಿಸಿತು. ಲಂಡನ್ನಿನ ಭೇಟಿಗಾರರ ಕಾಗದ ಒಬ್ಬ ಬಡವನ ಶೀಲವನ್ನು ಪ್ರಶ್ನಿಸುತ್ತಿತ್ತು. ಈ ನಕ್ಷೆ ಪ್ರಶ್ನಿಸಿದ್ದು ಕೂಲಿಯ ದರವನ್ನು. ಬೀದಿಗೆ ಬೀದಿಯೇ ಒಂದೇ ಬಣ್ಣದಲ್ಲಿ ತೋಯ್ದಿರುವಾಗ ಬಡತನವನ್ನು ಒಬ್ಬೊಬ್ಬರ ಸೋಮಾರಿತನದ ಫಲವೆನ್ನಲು ಬರುವುದಿಲ್ಲ. ಹಲ್ ಹೌಸಿನ ನಿವಾಸಿಯಾಗಿದ್ದ ಫ್ಲಾರೆನ್ಸ್ ಕೆಲಿ 1893ರಲ್ಲಿ ಇಲಿನಾಯ್ ರಾಜ್ಯದ ಮುಖ್ಯ ಕಾರ್ಖಾನೆ ತನಿಖಾಧಿಕಾರಿಯಾದರು. ಅಲ್ಲಿಯೇ ಇದ್ದ ಜೂಲಿಯಾ ಲೇತ್ರಪ್ 1912ರಲ್ಲಿ ಅಮೆರಿಕದ ಕೇಂದ್ರ ಸರಕಾರದ ಮಕ್ಕಳ ಇಲಾಖೆಯ ಮೊದಲ ಮುಖ್ಯಸ್ಥೆಯಾದರು. ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಕಾನೂನುಗಳ ಹಿಂದೆ ಇಂತಹ ಬರಹಗಳ ಒತ್ತಾಸೆಯಿದೆ. ಜೇನ್ ಆಡಮ್ಸ್ 1931ರಲ್ಲಿ ನೊಬೆಲ್ ಶಾಂತಿ ಪುರಸ್ಕಾರಕ್ಕೆ ಭಾಜನರಾದರು.

ಒಬ್ಬ ವ್ಯಕ್ತಿಯನ್ನು ಕುರಿತ ದಾಖಲೆಗೆ ಶಾಸ್ತ್ರೀಯ ರೂಪ ಕೊಟ್ಟವರು ಮೇರಿ ರಿಚ್ಮಂಡ್. ಬಾಲ್ಟಿಮೋರ್ ನಗರದ ಧರ್ಮಸಂಸ್ಥೆಯೊಂದರಲ್ಲಿ ಸಹಾಯಕ ಖಜಾಂಚಿಯಾಗಿ ವೃತ್ತಿಜೀವನ ಆರಂಭಿಸಿದ ಅವರು ಈ ಕೆಲಸಕ್ಕೆ ತರಬೇತಿ ಶಾಲೆ ಬೇಕೆಂದು 1897ರಲ್ಲಿ ವಾದಿಸಿದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಬೇಸಗೆ ತರಗತಿ ಆರಂಭವಾಯಿತು. 1917ರಲ್ಲಿ ಅವರ ‘ಸೋಷಿಯಲ್ ಡಯಗ್ನೋಸಿಸ್’ ಗ್ರಂಥ ಹೊರಬಂದಿತು. ಸಾಕ್ಷ್ಯವೆಂದರೇನು, ಕೇಳಿದ ಮಾತಿಗೂ ಕಂಡ ಸಂಗತಿಗೂ ಇರುವ ಭೇದವೇನು, ಕುಟುಂಬ, ನೆಂಟರು, ಶಾಲೆ, ವೈದ್ಯರು, ಹಳೆಯ ಕಾಗದಪತ್ರಗಳು ಇವುಗಳಿಂದ ದೊರೆಯುವ ಮಾಹಿತಿಯನ್ನು ಹೇಗೆ ತೂಗಿ ನೋಡಬೇಕು ಎಂಬುದರ ಚರ್ಚೆ ಅದರಲ್ಲಿ ಹರಡಿಕೊಂಡಿದೆ. ಆಕರಗಳ ವಿಮರ್ಶೆಯನ್ನು ಕಲಿಯುವ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಗಳು ಅಪರಿಚಿತವೆನಿಸಲಾರವು. ಅವರ ಕೈಯಲ್ಲಿ ವಿಚಾರಣೆಯ ಗುರಿ ಬದಲಾಯಿತು. ನೆರವಿಗೆ ಅರ್ಹನೇ ಎಂಬ ಪ್ರಶ್ನೆ ಹಿಂದೆ ಸರಿದು ಈತನ ತೊಡಕು ಯಾವುದು, ಇದನ್ನು ಬಿಡಿಸುವ ಶಕ್ತಿ ಈತನಲ್ಲಿ ಮತ್ತು ಸುತ್ತಲಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಮುಂದೆ ಬಂದಿತು.

ಇದಕ್ಕೆ ಎರಡು ವರ್ಷ ಮೊದಲು, 1915ರಲ್ಲಿ, ವೈದ್ಯಶಿಕ್ಷಣದ ಸುಧಾರಕ ಅಬ್ರಹಾಂ ಫ್ಲೆಕ್ಸ್ನರ್ ಸಮಾಜಕಾರ್ಯ ಒಂದು ವೃತ್ತಿಯೇ ಎಂಬ ಪ್ರಶ್ನೆಯನ್ನು ಎತ್ತಿ ಅಲ್ಲವೆಂದು ಉತ್ತರಿಸಿದ್ದರು. ವೈದ್ಯ, ವಕೀಲ, ಶಿಕ್ಷಕರ ನಡುವೆ ಮಧ್ಯಸ್ಥಿಕೆ ನಡೆಸುವ ಈ ಕೆಲಸಕ್ಕೆ ತನ್ನದೇ ಆದ ನಿರ್ದಿಷ್ಟ ವಿದ್ಯೆಯಿಲ್ಲವೆಂಬುದು ಅವರ ವಾದ. ಆ ಮಧ್ಯಸ್ಥಿಕೆಯೇ ಒಂದು ವಿದ್ಯೆ ಎಂಬುದನ್ನು ತೋರಿಸಿಕೊಡುವುದರಲ್ಲಿ ಈ ವೃತ್ತಿಯ ನಂತರದ ನೂರು ವರ್ಷಗಳು ಸಂದವು ಎನ್ನಬಹುದು.

ಮಂಗಳೂರಿನ ಕಲ್ಲು, ಮುಂಬಯಿಯ ಶಾಲೆ

ಭಾರತದಲ್ಲಿ ವೃತ್ತಿಯಾಗಿ ಸಮಾಜಕಾರ್ಯ ಕಾಲಿಡುವ ಮೊದಲೇ ದಾನದ ಚೌಕಟ್ಟನ್ನು ಮೀರಿದ ಸುಧಾರಕರು ಇಲ್ಲಿದ್ದರು. ಕನ್ನಡ ನಾಡಿನ ಮಟ್ಟಿಗೆ ಮಂಗಳೂರಿನ ಕುದ್ಮುಲ್ ರಂಗರಾಯರ (1859–1928) ಹೆಸರು ಮೊದಲು ನೆನಪಾಗಬೇಕು. ವಕೀಲರೂ ಬ್ರಾಹ್ಮಸಮಾಜದ ಅನುಯಾಯಿಗಳೂ ಆಗಿದ್ದ ಅವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ತಮ್ಮ ಜಾತಿಯವರಿಂದ ಬಹಿಷ್ಕಾರವನ್ನು ಎದುರಿಸಿದರು. ಅಕ್ಷರದ ಜೊತೆಗೆ ಕೈಕಸುಬು, ವಸತಿಯ ನೆಲ, ಸ್ಥಳೀಯ ಸಂಸ್ಥೆಗಳಲ್ಲಿ ಪ್ರಾತಿನಿಧ್ಯ ಇವೆಲ್ಲವೂ ಅವರ ಕಾರ್ಯಸೂಚಿಯಲ್ಲಿದ್ದವು.

ಮಂಗಳೂರಿನಲ್ಲಿರುವ ಅವರ ಸಮಾಧಿಯ ಮೇಲಿನ ಬರಹ ನಮ್ಮ ಚರ್ಚೆಗೆ ನೇರವಾಗಿ ಒದಗುತ್ತದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಮುಂದೆ ಅಧಿಕಾರ ಪಡೆದು ಇದೇ ಊರಿನ ಬೀದಿಯಲ್ಲಿ ಕಾರಿನಲ್ಲಿ ಸಾಗಬೇಕು, ಅದರ ಚಕ್ರದ ಧೂಳು ತಮ್ಮ ತಲೆಗೆ ತಾಗಿದರೆ ಬಾಳು ಸಾರ್ಥಕವೆಂಬ ಅವರ ಆಶಯ ಅಲ್ಲಿ ದಾಖಲಾಗಿದೆ. ಸಾವಿರ ವರ್ಷಗಳ ದಾನಶಾಸನಗಳನ್ನು ಓದಿದ ಕಣ್ಣಿಗೆ ಈ ಕಲ್ಲು ಬೇರೆಯಾಗಿಯೇ ಕಾಣುತ್ತದೆ. ಇಲ್ಲಿ ದಾನಿಯ ಬಿರುದಿಲ್ಲ, ದತ್ತಿಯ ಎಲ್ಲೆಯಿಲ್ಲ. ಕೊಟ್ಟವನ ಸ್ಮಾರಕದ ಮೇಲೆ ಪಡೆದವನ ಏಳಿಗೆಯ ಚಿತ್ರವಿದೆ. ಕೊಟ್ಟವನು ಅದರ ಕೆಳಗೆ, ಧೂಳಿನಲ್ಲಿ ಇದ್ದಾನೆ.

ಇಂತಹ ಸಂಕಲ್ಪಕ್ಕೆ ತರಬೇತಿಯ ಚೌಕಟ್ಟು ದೊರೆತದ್ದು ಮುಂಬಯಿಯಲ್ಲಿ. ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜ, ಎನ್.ಎಂ. ಜೋಶಿಯವರು 1911ರಲ್ಲಿ ಆರಂಭಿಸಿದ ಸೋಷಿಯಲ್ ಸರ್ವಿಸ್ ಲೀಗ್ ಈ ನೆಲವನ್ನು ಹದಮಾಡಿದ್ದವು. ಗಿರಣಿ ಕಾರ್ಮಿಕರು ಕಿಕ್ಕಿರಿದ ಆ ನಗರಕ್ಕೆ 1925ರಲ್ಲಿ ಕ್ಲಿಫರ್ಡ್ ಮ್ಯಾನ್ಷಾರ್ಟ್ ಎಂಬ ಅಮೆರಿಕದ ಮಿಷನರಿ ಬಂದರು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿದ್ದ ಅವರು ನಾಗಪಾಡಾ ಬಡಾವಣೆಯಲ್ಲಿ ಹಲ್ ಹೌಸಿನ ಮಾದರಿಯನ್ನು ನೆನಪಿಸುವ ನೇಬರ್‌ಹುಡ್ ಹೌಸ್ ಕಟ್ಟಿ ಬೆಳೆಸಿದರು. ಒಳ್ಳೆಯ ಮನಸ್ಸಷ್ಟೇ ಸಾಲದು, ಬಿಡಿ ನೆರವು ನೀಡುವುದಕ್ಕಿಂತ ಕಾರಣಗಳನ್ನು ಅರಿತು ದುಡಿಯಬಲ್ಲ ಜನರನ್ನು ಸಿದ್ಧಪಡಿಸಬೇಕು ಎಂಬ ಅವರ ಆಲೋಚನೆಗೆ ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಒತ್ತಾಸೆಯಾಯಿತು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಗ್ರ್ಯಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ನಾಗಪಾಡಾದಲ್ಲೇ ಆರಂಭವಾಯಿತು. 1944ರಲ್ಲಿ ಅದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೆಂಬ ಹೆಸರು ಪಡೆಯಿತು. 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ಲಂಡನ್ನಿನ ಆ ಮೊದಲ ಆಲ್ಮನರ್ ನೇಮಕಕ್ಕೂ ಇದಕ್ಕೂ ನಡುವೆ ಅರ್ಧ ಶತಮಾನ ಕಳೆದಿತ್ತು.

ಕನ್ನಡ ನಾಡಿನಲ್ಲಿ ಈ ಶಿಕ್ಷಣ ಸ್ವಾತಂತ್ರ್ಯಾನಂತರ ನೆಲೆಯೂರಿತು. ಮಂಗಳೂರಿನ ರೋಶನಿ ನಿಲಯದ ಸಮಾಜಕಾರ್ಯ ಶಾಲೆ 1960ರಲ್ಲಿ ಆರಂಭವಾಯಿತು. ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಮುಂದೆ ವಿಭಾಗಗಳು ಬೆಳೆದವು. ಈ ಜ್ಞಾನಶಾಖೆಗೆ ಕನ್ನಡದಲ್ಲಿ ಪರಿಭಾಷೆ ಒದಗಿಸಿದವರಲ್ಲಿ ಪ್ರೊ. ಎಚ್.ಎಂ. ಮರುಳಸಿದ್ಧಯ್ಯನವರು ಪ್ರಮುಖರು. 1969ರಲ್ಲಿ ಪ್ರಕಟವಾದ ಅವರ ‘ಓಲ್ಡ್ ಪೀಪಲ್ ಆಫ್ ಮಾಕುಂಟಿ’ ಒಂದು ಹಳ್ಳಿಯ ವೃದ್ಧರ ಬದುಕನ್ನೇ ಅಧ್ಯಯನದ ವಸ್ತುವಾಗಿಸಿಕೊಂಡ ಗ್ರಂಥ. ಯಾವ ಕಲ್ಲೂ ಯಾವ ಕಾವ್ಯವೂ ಹೆಸರಿಸಿರದ ಊರ ಮುದುಕರು ಇಲ್ಲಿ ಒಂದು ಗ್ರಂಥಕ್ಕೆ ಕೇಂದ್ರವಾದರು.

ಸಮಾಜಕಾರ್ಯಕರ್ತರು ಮಾಡುವುದೇನು?

ಪಠ್ಯಗಳು ಈ ವೃತ್ತಿಯ ವಿಧಾನಗಳನ್ನು ಆರಾಗಿ ವಿಂಗಡಿಸುತ್ತವೆ: ವ್ಯಕ್ತಿಗತ ಸಮಾಜಕಾರ್ಯ, ಗುಂಪುಕಾರ್ಯ, ಸಮುದಾಯ ಸಂಘಟನೆ, ಸಮಾಜಕಲ್ಯಾಣ ಆಡಳಿತ, ಸಂಶೋಧನೆ, ಸಾಮಾಜಿಕ ಕ್ರಿಯೆ. ವಿಂಗಡಣೆಗಿಂತ ಕೆಲಸದ ನಿದರ್ಶನಗಳು ಹೆಚ್ಚು ಹೇಳುತ್ತವೆ.

ಕ್ಷಯರೋಗದ ಚಿಕಿತ್ಸೆಯನ್ನೇ ನೋಡೋಣ. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಎರಡನೆಯ ತಿಂಗಳಲ್ಲಿ ಕೆಮ್ಮು ನಿಂತ ಕೂಲಿಕಾರನೊಬ್ಬ ಆಸ್ಪತ್ರೆಗೆ ಬರುವುದನ್ನು ಬಿಡುತ್ತಾನೆ ಎಂದುಕೊಳ್ಳೋಣ. ವೈದ್ಯರ ಕಡತದಲ್ಲಿ ಅವನು ‘ಚಿಕಿತ್ಸೆ ತೊರೆದವನು’. ಸಮಾಜಕಾರ್ಯಕರ್ತೆ ಅವನ ಮನೆಗೆ ಹೋದಾಗ ಬೇರೆ ಸಂಗತಿಗಳು ಹೊರಬರುತ್ತವೆ. ಆಸ್ಪತ್ರೆಗೆ ಬಂದ ದಿನ ಕೂಲಿ ತಪ್ಪುತ್ತದೆ; ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ಓಕರಿಕೆ; ರೋಗದ ಸುದ್ದಿ ಹರಡಿದರೆ ತಂಗಿಯ ಮದುವೆ ಮುರಿದೀತೆಂಬ ಅಂಜಿಕೆ. ಅವಳ ಕೆಲಸ ಆಗ ಆರಂಭವಾಗುತ್ತದೆ. ಮನೆಯ ಹತ್ತಿರವೇ ಮಾತ್ರೆ ದೊರೆಯುವಂತೆ ಮಾಡುವುದು, ಪೋಷಣೆಯ ನೆರವಿಗೆ ಅರ್ಜಿ ಹಾಕಿಸುವುದು, ಮನೆಯವರನ್ನು ಕೂರಿಸಿಕೊಂಡು ಮಾತನಾಡುವುದು, ಮತ್ತೆ ಹೋಗುವುದು, ಮತ್ತೆ ಕೇಳುವುದು. ಇದರಲ್ಲಿ ಅವಳ ಕೈಯಿಂದ ಕೊಡುವ ವಸ್ತು ಯಾವುದೂ ಇಲ್ಲ. ದಾನಿ ಕೊಡುತ್ತಾನೆ, ಸಮಾಜಕಾರ್ಯಕರ್ತೆ ಕೇಳುತ್ತಾಳೆ, ಜೋಡಿಸುತ್ತಾಳೆ, ಹಿಂದಿರುಗಿ ಬರುತ್ತಾಳೆ.

ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಬೆಂಗಳೂರಿಗೆ ದೇಶದಲ್ಲೇ ವಿಶಿಷ್ಟ ಸ್ಥಾನವಿದೆ. ಇಲ್ಲಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಪಾಶ್ಚಾತ್ಯ ಸಮಾಜಕಾರ್ಯ ವ್ಯಕ್ತಿಯನ್ನು ಘಟಕವಾಗಿ ಕಂಡಿತ್ತು. ನಮ್ಮಲ್ಲಿ ರೋಗಿ ಒಬ್ಬನೇ ಬರುವುದಿಲ್ಲ; ತಾಯಿ, ಅಣ್ಣ, ಸೋದರಮಾವ ಜೊತೆಗಿರುತ್ತಾರೆ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಗುಡಾರಗಳಲ್ಲಿ ಉಳಿಸಿಕೊಂಡು ಚಿಕಿತ್ಸೆ ನೀಡಿದ್ದರು. ಬೆಂಗಳೂರಿನಲ್ಲೂ ಕುಟುಂಬವನ್ನು ಚಿಕಿತ್ಸೆಯ ಪಾಲುದಾರನನ್ನಾಗಿಸುವ ಕ್ರಮ ಬೆಳೆಯಿತು. ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಕೆಲಸ ಹೀಗೆ ಮನೆಯ ಒಳಗಿನ ಮಾತುಕತೆಯ ಕಡೆಗೆ ತಿರುಗಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ಈ ಸೇವೆಯನ್ನು ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೊಂಡೊಯ್ದು, ಮುಂದೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಕಾನೂನು ಈ ವೃತ್ತಿಗೆ ನಿರ್ದಿಷ್ಟ ಸ್ಥಾನಗಳನ್ನು ಕೊಟ್ಟಿದೆ. 1948ರ ಕಾರ್ಖಾನೆಗಳ ಕಾಯಿದೆ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿಯನ್ನು ಕಡ್ಡಾಯಗೊಳಿಸಿತು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಗುವಿನ ಮನೆ, ಶಾಲೆ, ಗೆಳೆಯರು, ಆಪಾದನೆಗೆ ದಾರಿಯಾದ ಸನ್ನಿವೇಶ ಇವುಗಳನ್ನು ವಿವರಿಸುವ ಸಾಮಾಜಿಕ ತನಿಖಾ ವರದಿ 15 ದಿನಗಳಲ್ಲಿ ಸಿದ್ಧವಾಗಬೇಕು. ಪೊಲೀಸರ ಕಾಗದ ಆ ಮಗು ಏನು ಮಾಡಿತೆಂದು ಹೇಳಿದರೆ ಈ ವರದಿ ಆ ಮಗು ಯಾರೆಂದು ಹೇಳುತ್ತದೆ. ಮುಂದಿನ ಬಾಳು ಯಾವ ದಿಕ್ಕಿಗೆ ತಿರುಗಬೇಕೆಂಬುದು ಹಲವು ಬಾರಿ ಈ ಕೆಲವು ಪುಟಗಳನ್ನು ಅವಲಂಬಿಸುತ್ತದೆ.

ಕಡತದ ಅಪಾಯ

ಅಷ್ಟು ಅಧಿಕಾರವುಳ್ಳ ಬರಹ ಅಪಾಯಕಾರಿಯೂ ಹೌದು. ಕಡತದಲ್ಲಿ ಪಡೆಯುವವನಿಗೆ ಹೆಸರಿದೆ, ಕಥೆಯಿದೆ. ಆದರೆ ಅದನ್ನು ಬರೆಯುವ ಕೈ ಬೇರೆಯವರದು. ಆತುರದಲ್ಲಿ ಬರೆದ ‘ಸಹಕರಿಸುವುದಿಲ್ಲ’, ‘ಹಟಮಾರಿ’, ‘ಕುಟುಂಬ ಸರಿಯಿಲ್ಲ’ ಎಂಬ ಒಂದೊಂದು ಮಾತು ಒಬ್ಬಾತನನ್ನು ವರ್ಷಗಟ್ಟಲೆ ಹಿಂಬಾಲಿಸಬಲ್ಲುದು. ಇದನ್ನು ಮನಗಂಡೇ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಈ ಸಂಬಂಧದ ಏಳು ತತ್ತ್ವಗಳನ್ನು ನಿರೂಪಿಸಿದರು. ಪ್ರತಿಯೊಬ್ಬರನ್ನೂ ಪ್ರತ್ಯೇಕ ವ್ಯಕ್ತಿಯಾಗಿ ಕಾಣುವುದು, ತೀರ್ಪು ನೀಡದಿರುವುದು, ಅವರ ಬಾಳಿನ ನಿರ್ಧಾರವನ್ನು ಅವರಿಗೇ ಬಿಡುವುದು, ಗೋಪ್ಯತೆಯನ್ನು ಕಾಪಾಡುವುದು ಅವುಗಳಲ್ಲಿ ಸೇರಿವೆ. ಇವು ಅಲಂಕಾರದ ಮಾತುಗಳಲ್ಲ. ಲೇಖನಿ ಹಿಡಿದವರ ಅಧಿಕಾರಕ್ಕೆ ಹಾಕಿದ ಕಟ್ಟುಗಳು.

ಇನ್ನೊಂದು ಅಪಾಯ ನಮ್ಮ ಕಾಲದ್ದು. ಸರಕಾರಿ ಕನ್ನಡದಲ್ಲಿ ಇಂದು ‘ಫಲಾನುಭವಿ’ ಎಂಬ ಪದ ಎಲ್ಲೆಡೆ ಹಬ್ಬಿದೆ. ಯೋಜನೆಯ ಗುರಿ ಎಷ್ಟು, ಫಲಾನುಭವಿಗಳೆಷ್ಟು ಎಂಬ ಕೋಷ್ಟಕಗಳನ್ನು ತುಂಬುವುದರಲ್ಲಿ ಕ್ಷೇತ್ರದಲ್ಲಿರುವ ಸಮಾಜಕಾರ್ಯಕರ್ತರ ದಿನ ಕಳೆಯತೊಡಗಿದರೆ ಕೇಳುವುದಕ್ಕೆ ಸಮಯ ಉಳಿಯದು. ಬಳ್ಳಿಗಾವೆಯ ಕಲ್ಲಿನ ಮೇಲಿದ್ದ ‘ದೀನರು, ಅನಾಥರು’ ಎಂಬ ಹೆಸರಿಲ್ಲದ ಪಟ್ಟಿ ಕೋಷ್ಟಕದ ರೂಪದಲ್ಲಿ ಮರಳುತ್ತದೆ. ಬಳ್ಳಿಗಾವೆಯಲ್ಲಿ ಆ ಪಟ್ಟಿಯ ಹಿಂದೆ ಎದುರಿಗೆ ಕುಳಿತು ಉಣ್ಣುವ ಜನರಿದ್ದರು. ಕೋಷ್ಟಕದ ಹಿಂದೆ ಕೆಲವೊಮ್ಮೆ ಸಂಖ್ಯೆಯಷ್ಟೇ ಇರುತ್ತದೆ. ವೃತ್ತಿಯ ರಕ್ಷಣೆಯೂ ದುರ್ಬಲವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಅರ್ಹತೆಯನ್ನು ಗೊತ್ತುಪಡಿಸಿದೆ. ಆರೋಗ್ಯ ಕ್ಷೇತ್ರದವರನ್ನು 2021ರ ಕಾಯಿದೆಯೊಂದು ಆರೋಗ್ಯ ವೃತ್ತಿಪರರ ಸಾಲಿಗೆ ಸೇರಿಸಿದೆ. ಉಳಿದ ಕ್ಷೇತ್ರಗಳಲ್ಲಿ ದುಡಿಯುವವರಿಗೆ ವಕೀಲರ ಪರಿಷತ್ತಿನಂತಹ ರಾಷ್ಟ್ರಮಟ್ಟದ ಶಾಸನಬದ್ಧ ಮಂಡಳಿ ಇಲ್ಲ. ಯಾರು ಬರೆಯಬಹುದು, ತಪ್ಪಾಗಿ ಬರೆದರೆ ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗಳು ಅಲ್ಲಿ ತೆರೆದೇ ಇವೆ.

ಸಂಶೋಧಕರಾದ ನಮಗೂ ಇಲ್ಲಿ ಒಂದು ಪಾಠವಿದೆ. ಜನಸಾಮಾನ್ಯರ ಚರಿತ್ರೆಯನ್ನು ಬರೆಯಲು ಆಕರಗಳಿಲ್ಲವೆಂದು ನಾವು ಕೊರಗುತ್ತೇವೆ. ಆಸ್ಪತ್ರೆ, ಬಾಲಮಂದಿರಗಳ ಕಪಾಟುಗಳಲ್ಲಿ ಅಂತಹ ಆಕರಗಳು ರಾಶಿಯಾಗಿ ಬೆಳೆಯುತ್ತಿವೆ. ಅವು ನಮಗಾಗಿ ಬರೆದವಲ್ಲ. ಮಗುವಿನ ಗುರುತನ್ನು ಪತ್ರಿಕೆಯಲ್ಲಾಗಲಿ ಬೇರಾವ ಮಾಧ್ಯಮದಲ್ಲಾಗಲಿ ಹೊರಗೆಡಹುವುದನ್ನು ಬಾಲನ್ಯಾಯ ಕಾಯಿದೆ ನಿಷೇಧಿಸುತ್ತದೆ. ಅಷ್ಟೇ ಅಲ್ಲ, ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಿನ ಅಪರಾಧ ನಿರ್ಣಯದ ದಾಖಲೆಗಳನ್ನು, ಘೋರ ಅಪರಾಧಗಳ ಕೆಲವು ಪ್ರಕರಣಗಳ ಹೊರತು, ಗೊತ್ತಾದ ಅವಧಿಯ ನಂತರ ನಾಶಪಡಿಸಬೇಕೆಂದೂ ಅದು ವಿಧಿಸುತ್ತದೆ.

ಶಾಸನ ಆಚಂದ್ರಾರ್ಕವಾಗಿ ನಿಲ್ಲಲೆಂದು ಕಲ್ಲಿನ ಮೇಲೆ ಬರೆದುದು. ಅದನ್ನು ಅಳಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲೆಂದು ಶಪಿಸಿದುದು. ಕೊಟ್ಟವನ ಹೆಸರು ಉಳಿಯುವುದರಲ್ಲಿ ಅದರ ಸಾರ್ಥಕತೆ. ದಾರಿ ತಪ್ಪಿದ ಮಗುವೊಂದರ ಕಡತ ಹಾಗಲ್ಲ. ಮಗು ಬೆಳೆದು ತನ್ನ ಪಾಡಿಗೆ ತಾನು ಬಾಳತೊಡಗಿದ ದಿನ ಆ ಕಾಗದ ಇಲ್ಲವಾಗಬೇಕು. ಅದನ್ನು ಬರೆದ ಸಮಾಜಕಾರ್ಯಕರ್ತೆಯ ಹೆಸರೂ ಅದರೊಡನೆ ಅಳಿಯುತ್ತದೆ. ಚರಿತ್ರಕಾರನಿಗೆ ಇದು ನಷ್ಟವೇ ಸರಿ. ಬಳ್ಳಿಗಾವೆಯ ಆ ಕುರುಡನ ಹೆಸರು ಸಿಗದೆ ಹೋದ ನಷ್ಟಕ್ಕೂ ಇದಕ್ಕೂ ಮಾತ್ರ ವ್ಯತ್ಯಾಸವಿದೆ. ಅಲ್ಲಿ ಯಾರೂ ಕೇಳಲಿಲ್ಲ; ಇಲ್ಲಿ ಕೇಳಿ, ಬರೆದು, ಬೇಕಾದುದನ್ನು ಮಾಡಿ, ಆ ಮೇಲೆ ಅಳಿಸಲಾಗಿದೆ.